ಅಪ್ಪನ ಎದೆಯ ಗೋಡೆ

ಕೋಡಿಬಾಗ, ಕಾರವಾರ
೨ ನವೆಂಬರ್ ೨೦೦೩

ಅಣ್ಣಾ,

ನನ್ನ ಅಕ್ಷರ ನೋಡಿದ ಕೂಡಲೇ ಪತ್ರ ಹರಿಯಬೇಡ. ಫೋನ್ ಮಾಡಿದರೆ ನನ್ನ ದನಿ ಕೇಳಿದ್ದೇ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಹರಿಯಲೇಬೇಕು ಅಂತಿದ್ದರೆ ಬೀರಿ ಅತ್ತಿಗೆಗೆ ಒಂದು ಸಲ ಓದಿ ಹೇಳಿ ಆಮೇಲೆ ಹರಿ.

ಆಗಸ್ಟ್ ಹದಿನೈದರಂದು ಶಾಲೆಯ ಮಕ್ಕಳನ್ನು ಸಾಲಾಗಿ ಮೆರವಣಿಗೆಗೆ ನಡೆಸಿಕೊಂಡು ಹೋಗುವಾಗ ನಾನು ರಸ್ತೆಯಲ್ಲೇ ಬಿದ್ದೆ. "ಅಕ್ಕೋರು ಬೆಳಗ್ಗೆ ತಿಂಡಿ ತಿನ್ನದೇ ಬಂದಿರಬೇಕು" ಎಂದು ಹೆಡ್‌ಮಾಸ್ತರರು ತೀರ್ಪು ಕೊಟ್ಟರು. ಮನೆಗೆ ಬಂದ ಮೇಲೆ ಸೂರಜ್ ಲಿಂಬು ಸರಬತ್ತು ಕುಡಿಸಿದ. ಅದರ ಮೇಲೆ ಇನ್ನೊಂದು ಸಲ ಶಾಲೆಯ ಮೆಟ್ಟಿಲು ಹತ್ತುವಾಗ ಬಿದ್ದೆ. ಆಗ ನಮ್ಮ ಡಾಕ್ಟರು ಎದೆಗೆ ಕೊಳವೆ ಇಟ್ಟು, ಏನೋ ಬೇಡದ ಸದ್ದು ಕೇಳುತ್ತದೆ ಅಂತ ಹೃದಯದ ಡಾಕ್ಟರ ಹತ್ತಿರ ಕಳಿಸಿದರು. ಅವರು ಶನಿವಾರ ಮಂಗಳೂರಿನಿಂದ ಇಲ್ಲಿಗೆ ಬರುತ್ತಾರೆ.

ಅವರು ಎಕೋ ಮಾಡಿದರು. ಎಡಮಗ್ಗುಲಲ್ಲಿ ಮಲಗಿಸಿ, ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಸಾಬೂನಿನಷ್ಟು ದೊಡ್ಡದೊಂದು ಉಪಕರಣವನ್ನು ಪಕ್ಕೆಲುಬುಗಳ ನಡುವೆ ಒತ್ತಿ ಹಿಡಿಯುತ್ತಾರೆ. ಅದರಿಂದ ನಮ್ಮ ಕಿವಿಗೆ ಕೇಳದಂಥ ಸದ್ದು ಒಳಗೆ ಹೋಗಿ, ಹೃದಯದ ಮಾಂಸಕ್ಕೆ ತಾಗಿ ವಾಪಸು ಬಂದು, ಪರದೆಯ ಮೇಲೆ ಚಿತ್ರವಾಗುತ್ತದೆ. ಬಸುರಿಯರಿಗೆ ಮಾಡುತ್ತಾರಲ್ಲ, ಅದೇ ಜಾತಿ. ನನ್ನ ಹೃದಯದ ಎರಡು ಕೋಣೆಗಳ ನಡುವಿನ ಗೋಡೆ ಇರಬೇಕಾದ್ದಕ್ಕಿಂತ ತೀರಾ ದಪ್ಪ ಇದೆಯಂತೆ. ದಪ್ಪ ಅಂದರೆ ಗಟ್ಟಿ ಅಂತ ತಿಳಿಯಬೇಡ. ಬಿಗಿದ ಮಾಂಸ ಸರಿಯಾಗಿ ಸಡಿಲಾಗುವುದಿಲ್ಲ, ರಕ್ತ ತುಂಬಲಿಕ್ಕೆ ಜಾಗ ಸಾಲುವುದಿಲ್ಲ, ಹೊರಗೆ ಹೋಗುವ ದಾರಿಗೂ ಅಡ್ಡ. ಸುಮ್ಮನೆ ಕೂತಾಗ ಏನೂ ಗೊತ್ತಾಗುವುದಿಲ್ಲ. ಓಡಿದಾಗ, ಕುಣಿದಾಗ, ಭಾರ ಹೊತ್ತಾಗ ಬಡಿತ ತಪ್ಪಿ, ಹೃದಯ ಅಲ್ಲಿಗೇ ನಿಂತುಹೋಗಲೂಬಹುದು.

ಮನೆಯಲ್ಲಿ ಯಾರಾದರೂ ಇದ್ದಕ್ಕಿದ್ದ ಹಾಗೆ ಸತ್ತದ್ದುಂಟೇ ಎಂದು ಕೇಳಿದರು. ಅಪ್ಪ ಸುಗ್ಗಿಯಲ್ಲಿ ತುರಾಯಿ ಕಟ್ಟಿಕೊಂಡು ಕುಣಿಯುತ್ತಲೇ ಬಿದ್ದದ್ದು ಹೇಳಿದೆ. ತುರಾಯಿ ಅಂದರೆ ಏನು ಅಂತ ಅವರಿಗೆ ಗೊತ್ತಿರಲಿಲ್ಲ. ಬೆಂಡಿನ ಹೂವು, ಬೆಂಡಿನ ಹಕ್ಕಿ, ಬೇಗಡೆ ಎಲ್ಲ ಸಿಕ್ಕಿಸಿದ ದೊಡ್ಡ ಮುಂಡಾಸು, ಅದನ್ನು ಹೊತ್ತು ಹೋಳಿ ಹುಣ್ಣಿಮೆಯ ತನಕ ಬರಿಗಾಲಲ್ಲಿ ಊರೂರು ಕುಣಿಯುತ್ತಾರೆ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಇದು ರಕ್ತದಲ್ಲಿ ಬರುವಂಥದ್ದು ಅಣ್ಣಾ. ಅಪ್ಪನಿಂದ ನನಗೆ ಬಂದಿದೆ. ನಿನಗೆ ಬಂದಿರಬಹುದು, ಬಾರದೆಯೂ ಇರಬಹುದು. ನಿನಗೆ ಇದ್ದರೆ ಮಕ್ಕಳಿಗೂ ಬಂದಿರಬಹುದು. ಈ ವರ್ಷ ನಾಗೇಶ ತುರಾಯಿ ಹೊರುತ್ತಾನೆ ಅಂತ ಜಟ್ಟನ ಹೆಂಡತಿ ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ಹೇಳಿದಳು. ಅದಕ್ಕೆ ಮೊದಲು ಅವನಿಗೆ ಎಕೋ ಮಾಡಿಸು. ಇಷ್ಟೇ ನನ್ನ ಬೇಡಿಕೆ.

ನಿನ್ನ ತಂಗಿ,
ಜಯಂತಿ


ಬೆಳಂಬಾರ
೨೧ ನವೆಂಬರ್ ೨೦೦೩

ಜಯಂತಿಗೆ,

ನಿನ್ನ ಪತ್ರ ಮುಟ್ಟಿತು. ಹರಿಯಲಿಲ್ಲ. ನಿನಗೆ ಹುಷಾರಿಲ್ಲ ಅಂತ ಓದಿದಾಗ ಬೀರಿ ಅತ್ತಳು. ಕೊಟ್ಟ ಗುಳಿಗೆ ಹೊತ್ತಿಗೆ ಸರಿಯಾಗಿ ತಗೋ.

ಅಪ್ಪನ ಸುದ್ದಿ ಮಾತ್ರ ನೀನು ಎತ್ತಬಾರದಿತ್ತು. ಸೂರಜನ ಸಂಗಡ ಕಾರವಾರದ ಕಚೇರಿಯಲ್ಲಿ ಸಹಿ ಹಾಕಿ ನೀನು ಮದುವೆಯಾದದ್ದು ಆ ವರ್ಷದ ಶಿವರಾತ್ರಿಗೆ ಮುಂಚೆ. ಜಾತಿ ಬೇರೆ, ಮನೆಮಾತು ಬೇರೆ, ನಮಗೊಂದು ಮಾತು ಹೇಳಲಿಲ್ಲ. ಅವತ್ತಿನಿಂದ ಅಪ್ಪ ಹೊಟ್ಟೆತುಂಬ ಉಂಡವನಲ್ಲ. ಹಾಗೆಯೇ ಸುಗ್ಗಿ ಕಟ್ಟಿದ. ಕಡೆಯ ದಿನ ಬೆಳಿಗ್ಗೆ "ಎದೆ ಹಿಡೀತದೆ ಮಗಾ" ಅಂದ. "ತುರಾಯಿ ಇಳ್ಸು ಅಪ್ಪಾ" ಅಂದೆ. "ಹೊತ್ತದ್ದ ನಡೂಗೆ ಇಳ್ಸೂಕೆ ಬತ್ತದ್ಯೇನಾ?" ಅಂದ. ಅಂಕೋಲೆಯಲ್ಲಿ ತಹಶೀಲ್ದಾರ ಕಚೇರಿಯ ಅಂಗಳದಲ್ಲಿ ಕುಣಿಯುವಾಗ ನನ್ನ ಕಾಲ ಬುಡದಲ್ಲೇ ಬಿದ್ದ. ಗುಮಟೆ ಬಡಿಯುವವರಿಗೆ ಗೊತ್ತಾಗದೆ ಇನ್ನೂ ಬಡಿಯುತ್ತಲೇ ಇದ್ದರು.

ಅಪ್ಪನ ಎದೆ ಯಾಕೆ ಒಡೆಯಿತು ಅಂತ ಹೇಳಲಿಕ್ಕೆ ನನಗೆ ಮಂಗಳೂರಿನ ಯಂತ್ರ ಬೇಡ. ಹೆಣ ಎತ್ತುವ ಮೊದಲು ನಮ್ಮ ಮನೆಯ ಅಂಗಳದಲ್ಲಿ ಊರೆಲ್ಲ ಕೇಳುವ ಹಾಗೆ ನಾನು ಹೇಳಿದ್ದು ಇವತ್ತಿಗೂ ಅದೇ. ಅಪ್ಪನನ್ನು ಕೊಂದವಳು ನೀನು. ಒಂಬತ್ತು ವರ್ಷ ಆದ ಮೇಲೆ ಡಾಕ್ಟರರಿಂದ ನಿನ್ನ ತಪ್ಪಿಲ್ಲ ಅಂತ ಬರೆಸಿಕೊಂಡು ಬಂದಿದ್ದೀಯ.

ನಾಗೇಶ ಗಟ್ಟಿಮುಟ್ಟಾಗಿದ್ದಾನೆ. ನನ್ನ ಮೊಣಕಾಲು ಬಾತುಕೊಳ್ಳುತ್ತದೆ, ಇನ್ನು ಕುಣಿಯಲಾಗುವುದಿಲ್ಲ. ತುರಾಯಿ ಅಪ್ಪನಿಂದ ನನಗೆ ಬಂತು, ನನ್ನಿಂದ ಅವನಿಗೆ. ಅದನ್ನು ತಪ್ಪಿಸಬೇಡ.

ಹೊನ್ನ


ಕೋಡಿಬಾಗ
೩ ಡಿಸೆಂಬರ್ ೨೦೦೩

ಅಣ್ಣಾ,

ಆಯಿತು, ಕೊಂದೆ. ಅಪ್ಪ ಸತ್ತದ್ದು ನನ್ನಿಂದಲೇ. ಬೇಕಾದರೆ ಊರ ಗೌಡರ ಮನೆ ಅಂಗಳದಲ್ಲಿ ನಿಂತು ಹತ್ತು ಜನರ ಮುಂದೆ ಹೇಳುತ್ತೇನೆ. ಆ ಹೊರೆ ನನ್ನ ತಲೆಯ ಮೇಲೆಯೇ ಇರಲಿ, ನೀನು ಇಳಿಸಬೇಡ. ನಾನು ಅದನ್ನು ಇಳಿಸು ಅಂತ ಕೇಳಲಿಕ್ಕೆ ಬರೆದದ್ದೂ ಅಲ್ಲ.

ನಾನು ಕೇಳಿದ್ದು ನಾಗೇಶನ ಜೀವವನ್ನು. ಅವನು ಸಣ್ಣವನಿದ್ದಾಗ ಸೊಂಟದ ಮೇಲೆ ಹೊತ್ತುಕೊಂಡು ಬೆಳಂಬಾರದ ದಂಡೆಯೆಲ್ಲ ತಿರುಗಿಸಿದವಳು ನಾನು. ಅವನಿಗೆ ಮೊದಲು ಬಂದ ಮಾತು "ಅತ್ತೆ". ಅದಕ್ಕೆ ನೀನು ಹೊಟ್ಟೆಕಿಚ್ಚು ಪಟ್ಟದ್ದು ನನಗೆ ಗೊತ್ತಿದೆ. ಆ ಹುಡುಗ ಗುಮಟೆಯ ಸದ್ದಿನ ನಡುವೆ ಬಿದ್ದುಹೋದರೆ, ಆಗ ಯಾರ ಹೆಸರು ಹೇಳುತ್ತೀಯ? ಈ ಸಲ ನಾನು ಯಾವ ಮದುವೆಯನ್ನೂ ಆಗಲಿಲ್ಲ.

ಕೋಪ ಬಂತೇ? ಬರಲಿ. ಹಟದಲ್ಲಿ ನೀನು ಅಪ್ಪನ ಮಗನೇ, ಅದನ್ನು ನೋಡಲಿಕ್ಕೆ ಯಾವ ಯಂತ್ರವೂ ಬೇಡ. ಬೀರಿ ಅತ್ತಿಗೆಗೆ ಈ ಪತ್ರ ಓದಿ ಹೇಳು. ಪೂರ್ತಿ ಓದು, ನಡುವೆ ಹಾರಿಸಬೇಡ.

ಜಯಂತಿ


ಬೆಳಂಬಾರ
೮ ಜನವರಿ ೨೦೦೪

ಜಯಂತಿಗೆ,

ಓದಿ ಹೇಳಿದ್ದೇ ತಪ್ಪಾಯಿತು. ಬೀರಿ ನನ್ನ ಸಂಗಡ ಮಾತು ಬಿಟ್ಟಳು. ಗಂಜಿ ಬಡಿಸಿಟ್ಟು ಆಚೆ ಹೋಗುತ್ತಾಳೆ, ಸೊಪ್ಪಿನ ಮಡಿಗೆ ನೀರು ಹೊಯ್ಯುವಾಗಲೂ ಬೆನ್ನು ತಿರುಗಿಸಿಯೇ ಇರುತ್ತಾಳೆ. ಕಡೆಗೆ ನಾಗೇಶನನ್ನು ಅಂಕೋಲೆಗೆ ಕರೆದುಕೊಂಡು ಹೋದೆ. ಅಲ್ಲಿ ಕೈಗೆ, ಕಾಲಿಗೆ, ಎದೆಗೆ ತಂತಿ ಹಚ್ಚಿ ಉದ್ದ ಕಾಗದದ ಪಟ್ಟಿ ತೆಗೆದರು. "ಹಾರ್ಟ್ ಚಲೋ ಅದೆ, ಏನೂ ಹೆದರೂದ್ ಬೇಡ" ಅಂದರು.

ನೋಡಿಸಿದ್ದಾಯಿತು. ಇನ್ನು ಬರೆಯಬೇಡ.

ಹೊನ್ನ


ಕೋಡಿಬಾಗ
೧೩ ಜನವರಿ ೨೦೦೪

ಅಣ್ಣಾ,

ಬರೆಯುತ್ತೇನೆ.

ಕರೆದುಕೊಂಡು ಹೋದದ್ದು ಓದಿ ಕಣ್ಣಲ್ಲಿ ನೀರು ಬಂತು. ಆದರೆ ಅದು ಎಕೋ ಅಲ್ಲ, ಇ.ಸಿ.ಜಿ. ಹೃದಯದೊಳಗೆ ಹರಿಯುವ ಕರೆಂಟನ್ನು ಅದು ಕಾಗದದ ಮೇಲೆ ಬರೆಯುತ್ತದೆ. ಎಕೋ ಮಾಂಸವನ್ನೇ ತೋರಿಸುತ್ತದೆ. ಗೋಡೆ ಎಲ್ಲಿ ದಪ್ಪ, ಎಷ್ಟು ದಪ್ಪ, ಬಡಿದ ಮೇಲೆ ಎಷ್ಟು ಬೇಗ ಸಡಿಲಾಗುತ್ತದೆ ಎಂಬುದನ್ನೆಲ್ಲ ಅದರಲ್ಲಿ ಅಳೆಯಬಹುದು. ಪಟ್ಟಿಯಲ್ಲಿ ಎಲ್ಲ ಸರಿ ಇದ್ದು ಮಾಂಸದಲ್ಲಿ ದೋಷ ಇರುವವರೂ ಇದ್ದಾರೆ ಅಂತ ಡಾಕ್ಟರು ಹೇಳಿದರು.

ತಿಂಗಳ ಕೊನೆಯ ಶನಿವಾರಕ್ಕೆ ನಾಗೇಶನ ಹೆಸರು ಬರೆಸಿಟ್ಟಿದ್ದೇನೆ. ನನ್ನ ಮುಖ ನೋಡಬೇಕಾಗುತ್ತದೆ ಅಂತ ಹೆದರಿ ತಪ್ಪಿಸಬೇಡ. ಆ ದಿನ ನಾನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಸೂರಜ್ ತಾನು ಹೊರಗೆ ನಿಂತು ನೋಡಿ ಬರುತ್ತೇನೆ ಅಂದ. ಬೇಡ ಅಂತ ಅವನನ್ನೂ ಗದರಿಸಿದ್ದೇನೆ. ನಮಗೆ ಮಕ್ಕಳಿಲ್ಲ, ನಾಗೇಶನ ಮುಖವನ್ನು ದೂರದಿಂದಾದರೂ ನೋಡುವ ಆಸೆ ಅವನಿಗೆ. ಆ ಆಸೆ ನನಗೂ ಇತ್ತು. ಆದರೂ ಬರುವುದಿಲ್ಲ.

ಜಯಂತಿ


ಬೆಳಂಬಾರ
೨ ಫೆಬ್ರವರಿ ೨೦೦೪

ಜಯಂತಿಗೆ,

ಶನಿವಾರ ಹೋಗಿ ಬಂದೆವು. ಡಾಕ್ಟರು ಬಹಳ ಹೊತ್ತು ನೋಡಿದರು. ನಾಗೇಶನ ಹೃದಯ ಶುದ್ಧ ಇದೆ. ಗೋಡೆ ಎಷ್ಟು ದಪ್ಪ ಇರಬೇಕೋ ಅಷ್ಟೇ ಇದೆ. "ಸದ್ಯಕ್ಕೆ ಏನೂ ತೊಂದ್ರೆ ಇಲ್ಲ, ನಾಲ್ಕೈದು ವರ್ಷಕ್ಕೊಮ್ಮೆ ನೋಡುವಾ" ಅಂದರು. ಹಟ್ಟಿಕೇರಿ ದಾಟುವ ತನಕ ಬೀರಿ ಬಸ್ಸಿನಲ್ಲಿ ಮಗನ ಕೈ ಬಿಡಲಿಲ್ಲ. ಮನೆಗೆ ಬಂದು ಕೋಳಿ ಕೊಯ್ದೆವು.

"ನಿಮ್ಮದೂ ನೋಡ್ಬೇಕಲ್ಲ. ಮಗಳು ಇದ್ದಾಳಾ? ಅವಳನ್ನೂ ಕರ್ಕೊಂಡು ಬನ್ನಿ" ಅಂತಲೂ ಡಾಕ್ಟರು ಹೇಳಿದರು. ನಾನು ಒಂಬತ್ತು ಸುಗ್ಗಿ ಕುಣಿದವನು, ಬಿದ್ದವನಲ್ಲ. ಪೂಜಾಳ ಮಾತೇ ಬೇಡ. ನಮ್ಮ ಮನೆಯಲ್ಲಿ ಏನೇ ಬಂದರೂ ಗಂಡಿನ ಮೇಲೆ ಬರುತ್ತದೆ. ಗದ್ದೆ ಹಾಗೆ ಬಂತು, ತುರಾಯಿ ಹಾಗೆ ಬಂತು. ಹೆಣ್ಣು ನಾಳೆ ಬೇರೆ ಮನೆಗೆ ಹೋಗುವವಳು. ಮನೆಯ ಗಂಡುಮಗನಿಗೇ ಇಲ್ಲ ಅಂದಮೇಲೆ ಇದು ನಮ್ಮ ಮನೆಯ ರೋಗವೇ ಅಲ್ಲ. ನಿನಗೆ ಬಂದದ್ದು ನಿನ್ನದೇ ಬೇರೆ.

ಹಾಗಾಗಿ ಅಪ್ಪ ಅದರಿಂದ ಸತ್ತವನಲ್ಲ. ನಾನು ಹೇಳಿದ ಮಾತು ಇದ್ದಲ್ಲೇ ಇದೆ.

ಹೆಸರು ಬರೆಸಿಟ್ಟದ್ದಕ್ಕೆ ಬೀರಿ ನಿನ್ನನ್ನು ನೆನೆಸಿಕೊಂಡಳು.

ಹೊನ್ನ


ಬೆಳಂಬಾರ
೧೦ ಫೆಬ್ರವರಿ ೨೦೦೪

ಅತ್ತೆಗೆ ಪೂಜಾ ಮಾಡುವ ನಮಸ್ಕಾರಗಳು.

ನೀವು ನನ್ನನ್ನು ಕಡೆಗೆ ನೋಡಿದ್ದು ನಾನು ಒಂದನೇ ತರಗತಿಗೆ ಹೋಗುವ ಮೊದಲು. ಈಗ ಹತ್ತನೆಯಲ್ಲಿದ್ದೇನೆ. ಅಪ್ಪ ಅಮ್ಮನಿಗೆ ಓದಿ ಹೇಳುವಾಗ ನಾನು ಒಳಗಿಂದ ಎಲ್ಲ ಪತ್ರ ಕೇಳಿದ್ದೇನೆ. ವಿಳಾಸವನ್ನು ನಿಮ್ಮ ಕವರಿನ ಹಿಂದೆ ನೋಡಿ ಬರೆದುಕೊಂಡೆ.

ನಾನು ಓಟದಲ್ಲಿ ತಾಲೂಕಿಗೆ ಮೊದಲು ಬಂದಿದ್ದೇನೆ, ಜಿಲ್ಲೆಗೆ ಎರಡನೆಯವಳು. ಎಂಟುನೂರು ಮೀಟರ್. ಅಪ್ಪ ನನ್ನ ಕಪ್ಪುಗಳನ್ನು ಬಂದವರಿಗೆಲ್ಲ ತೋರಿಸುತ್ತಾನೆ. ಬೇಸಿಗೆಯಲ್ಲಿ ಧಾರವಾಡದಲ್ಲಿ ಆಯ್ಕೆ ಇದೆ, ಅದರಲ್ಲಿ ಸಿಕ್ಕರೆ ಕ್ರೀಡಾ ಹಾಸ್ಟೆಲು.

ಅತ್ತೆ, ಕೊನೆಯ ಸುತ್ತಿನಲ್ಲಿ ನನಗೆ ಕಣ್ಣು ಕತ್ತಲೆ ಬರುತ್ತದೆ. ಎದೆಯನ್ನು ಯಾರೋ ಮುಷ್ಟಿಯಲ್ಲಿ ಹಿಡಿದ ಹಾಗೆ ಆಗುತ್ತದೆ. ಡಿಸೆಂಬರಿನಲ್ಲಿ ಶಾಲೆಯ ಮೈದಾನದಲ್ಲಿ ಒಂದು ಸಲ ಬಿದ್ದೆ. ಬಿಸಿಲು ಅಂತ ಹೇಳಿದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ತಿಳಿದಿದ್ದೆ. ನಿಮ್ಮ ಮೊದಲ ಪತ್ರ ಕೇಳಿದ ಮೇಲೆ ಹೆದರಿಕೆಯಾಗುತ್ತಿದೆ. ಹೇಳಿದರೆ ಓಟ ಬಿಡಿಸುತ್ತಾರೆ.

ಅಪ್ಪನಿಗೆ ತಿಳಿಸಬೇಡಿ. ಇಲ್ಲ, ತಿಳಿಸಿ. ನನಗೆ ಏನು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ನಿಮ್ಮ ಸೊಸೆ,
ಪೂಜಾ


ಕೋಡಿಬಾಗ
೧೪ ಫೆಬ್ರವರಿ ೨೦೦೪

ಅಣ್ಣಾ,

ನಾಗೇಶನ ಸುದ್ದಿ ಓದಿ ದೇವರಿಗೆ ತೆಂಗಿನಕಾಯಿ ಒಡೆಸಿದೆ. ಅವನು ಕುಣಿಯಲಿ, ಮನಸಾರೆ ಕುಣಿಯಲಿ.

ಈಗ ಪೂಜಾಳ ಪತ್ರ ಈ ಕವರಿನಲ್ಲಿಯೇ ಇಟ್ಟಿದ್ದೇನೆ. ಹುಡುಗಿಯ ಗುಟ್ಟನ್ನು ಬಯಲು ಮಾಡುವುದು ತಪ್ಪು. ಆದರೂ ಮಾಡುತ್ತಿದ್ದೇನೆ, ಅವಳು ನನ್ನ ಮೇಲೆ ಸಿಟ್ಟಾಗಲಿ. ಓದಿದ ಮೇಲೆ ಅವಳಿಗೆ ಒಂದು ಬಿರುಸಿನ ಮಾತೂ ಆಡಬೇಡ.

ಹೆಣ್ಣಿಗೆ ಬರುವುದಿಲ್ಲ ಅಂತ ಬರೆದೆಯಲ್ಲ. ನಾನು ಯಾರು? ನನಗೆ ಗದ್ದೆ ಕೊಟ್ಟಿರಾ, ತುರಾಯಿ ಕೊಟ್ಟಿರಾ? ಅಪ್ಪನ ಮನೆಯಿಂದ ನನಗೆ ಬಂದದ್ದು ಇದೊಂದೇ. ಕೊಡುವವರು ಯಾರೂ ಇದನ್ನು ಗಂಡು ಹೆಣ್ಣು ನೋಡಿ ಕೊಡುವುದಿಲ್ಲ. ನಾಗೇಶನಿಗೆ ತಪ್ಪಿತು ಅಂದರೆ ಪೂಜಾಳಿಗೂ ತಪ್ಪಿತು ಅಂತ ಅರ್ಥ ಅಲ್ಲ. ನಿನಗೆ ಇಲ್ಲ ಅಂತಲೂ ಅಲ್ಲ.

ಶಾಲೆಯ ಹತ್ತಿರ ಹೋಗಿ ಅವಳನ್ನು ನಾನೇ ಕರೆದುಕೊಂಡು ಬರಬಹುದಿತ್ತು. ಎರಡು ಸಲ ಬಸ್‌ಸ್ಟ್ಯಾಂಡಿನ ತನಕ ಹೋಗಿ ವಾಪಸು ಬಂದೆ. ಒಂದು ಸಲ ನಿನಗೆ ಹೇಳದೆ ಮನೆಯ ಹೆಣ್ಣು ಹೊರಟುಹೋದದ್ದು ಸಾಕು. ನಿನ್ನ ಮಗಳನ್ನು ನೀನೇ ಕರೆದುಕೊಂಡು ಹೋಗು. ಅಲ್ಲಿಯ ತನಕ ಅವಳು ಓಡಬಾರದು, ಒಂದು ಸುತ್ತೂ ಬೇಡ. ಕಾಲಿಗೆ ಬೀಳುತ್ತೇನೆ ಅಣ್ಣಾ.

ಜಯಂತಿ


ಬೆಳಂಬಾರ
೧೧ ಮಾರ್ಚ್ ೨೦೦೪

ಜಯಂತಿಗೆ,

ಹುಣ್ಣಿಮೆ ಕಳೆಯಿತು. ನಾಗೇಶ ಚೆನ್ನಾಗಿ ಕುಣಿದ. ಅಪ್ಪನ ಹೆಜ್ಜೆಯೇ ಬಂದಿದೆ ಅಂತ ಬೊಮ್ಮು ಗೌಡ ಹೇಳಿದ. ನಾನು ಪೂರಾ ನೋಡಲಿಲ್ಲ.

ಸುಗ್ಗಿಯ ತಂಡ ಊರು ಬಿಟ್ಟ ಮರುದಿನ ಶನಿವಾರ. ಅವತ್ತು ಪೂಜಾಳನ್ನು ಕರೆದುಕೊಂಡು ಕಾರವಾರಕ್ಕೆ ಹೋದೆ. ಮಗ ಸುಗ್ಗಿ ಕಟ್ಟಿದಾಗ ಅಪ್ಪನಾದವನು ಊರು ಬಿಡುತ್ತಾನೆಯೇ ಅಂತ ಜನ ಆಡಿಕೊಂಡರು. ಆಡಿಕೊಳ್ಳಲಿ.

ಮೊದಲು ನನ್ನನ್ನು ಮಲಗಿಸಿದರು. ಪರದೆಯನ್ನು ಸ್ವಲ್ಪ ಈಚೆ ತಿರುಗಿಸಿ ಅಂದೆ, ತಿರುಗಿಸಿದರು. ಒಳಗೆ ಬೂದಿ ಬಣ್ಣದ್ದು ಏನೋ ಕುಣಿಯುತ್ತಿತ್ತು. ಡಾಕ್ಟರು ಒಂದು ಕಡೆ ಬೆರಳಿಟ್ಟು, "ಇದು ನೋಡಿ, ನಿಮ್ಮ ತಂಗಿಯದ್ದು ಹೇಗುಂಟೋ ಹಾಗೇ" ಅಂದರು. ಮಣ್ಣಿನ ಗೋಡೆಗೆ ಒಂದೇ ಕಡೆ ಮೆತ್ತಿ ಮೆತ್ತಿ ದಪ್ಪವಾದ ಹಾಗೆ ಕಂಡಿತು. ಇಷ್ಟು ವರ್ಷ ಹೇಗೆ ಕುಣಿದಿರಿ ಅಂತ ಅವರೇ ಕೇಳಿದರು. ನನಗೆ ಏನು ಗೊತ್ತು.

ಆಮೇಲೆ ಪೂಜಾ. ಅವಳ ಗೋಡೆ ಅಷ್ಟು ದಪ್ಪ ಆಗಿಲ್ಲ. ಆದರೆ ಮಾಂಸದ ಓಡಾಟವನ್ನು ಅಳೆದು ನೋಡಿದರು. ಬಿಗಿದದ್ದು ಸಡಿಲಾಗುವುದು ಈಗಲೇ ನಿಧಾನ ಆಗಿದೆ, ಶುರುವಾಗಿದೆ ಅಂದರು. ಗುಳಿಗೆ ಬರೆದುಕೊಟ್ಟರು. ಶಾಲೆಗೆ ಹೋಗಬಹುದು, ನಡೆಯಬಹುದು. ಓಟ ಬೇಡ, ಇನ್ನು ಯಾವಾಗಲೂ ಬೇಡ. ಅವಳು ಲೋಳೆ ಒರೆಸಿಕೊಂಡು ಅಂಗಿ ಸರಿಮಾಡಿ, "ಧಾರವಾಡಕ್ಕೆ ಒಂದ್ ಸಲ ಓಡ್ಲೇ ಸಾರ್? ಒಂದೇ ಸಲ" ಅಂದಳು. ಡಾಕ್ಟರು ತಲೆ ಅಲ್ಲಾಡಿಸಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. "ಅಪ್ಪಾ, ಇದ್ ನಂಗೆ ಯಾರಿಂದ ಬಂತು?" ಅಂದಳು. "ನನ್ನಿಂದ್ಲೇ ಮಗಾ" ಅಂದೆ. "ನೀ ಎಂತಕೆ ಕೊಟ್ಟೆ?" ಅಂದಳು.

ಗೊತ್ತಿರಲಿಲ್ಲ ಅಂದೆ. ಗೊತ್ತಿದ್ದರೆ ಕೊಡುತ್ತಿದ್ದೆನೇ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಅವತ್ತಿನಿಂದ ನನ್ನ ಸಂಗಡ ಮಾತಿಲ್ಲ. ಕಪ್ಪುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಾಳೆ. ನಾನು ಎದುರು ಬಂದರೆ ಎದ್ದು ಹೋಗುತ್ತಾಳೆ. ಮೊನ್ನೆ ಬೀರಿಯ ಹತ್ತಿರ, "ಅಪ್ಪ ನನ್ನ ಜೀವನ ಹಾಳ್ಮಾಡ್ದ" ಅಂತ ಅತ್ತದ್ದು ಗೋಡೆಯ ಈಚೆ ಕೂತು ಕೇಳಿದೆ.

ನಾನು ಏನೂ ಮಾಡಿದವನಲ್ಲ ಜಯಂತಿ. ಅವಳು ಓಡುವುದನ್ನು ನೋಡಲಿಕ್ಕೆ ಕೆಲಸ ಬಿಟ್ಟು ಹೋಗುತ್ತಿದ್ದೆ. ಆದರೂ ಅವಳ ಮುಂದೆ ನಿಲ್ಲಲಿಕ್ಕೆ ನನಗೆ ಆಗುತ್ತಿಲ್ಲ. ಅನ್ನ ಇಳಿಯುವುದಿಲ್ಲ.

ಅಪ್ಪನ ಹೆಣದ ಮುಂದೆ ನಾನು ಆಡಿದ್ದು ನಿನಗೆ ನೆನಪಿದೆ. ಅದರ ಬಗ್ಗೆ ಬರೆಯಬೇಕು ಅಂತ ಕೂತೆ, ಪೆನ್ನು ಏಳುತ್ತಿಲ್ಲ. ಒಂದೇ ಕೇಳುತ್ತೇನೆ. ಒಂಬತ್ತು ವರ್ಷ ಅದನ್ನು ನೀನು ಹೇಗೆ ತಡೆದುಕೊಂಡೆ? ನನಗೆ ಇಷ್ಟು ದಿನವೇ ತಡೆಯುತ್ತಿಲ್ಲ. ಹೇಳಿಕೊಡಲಿಕ್ಕಾದರೂ ಒಂದು ಸಲ ಮನೆಗೆ ಬಾ. ಸೂರಜನನ್ನೂ ಕರೆದುಕೊಂಡು ಬಾ.

ನಿನ್ನ ಅಣ್ಣ,
ಹೊನ್ನ


ಕೋಡಿಬಾಗ
೧೬ ಮಾರ್ಚ್ ೨೦೦೪

ಅಣ್ಣಾ,

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇವೆ. ನಾನು ಬಂದರೆ ಊರವರು ಏನಂದಾರು ಅಂತ ಯೋಚಿಸುವುದಿದ್ದರೆ ಶನಿವಾರದೊಳಗೆ ಯೋಚಿಸಿ ಮುಗಿಸಿಕೋ. ಸೂರಜ್ ಹೊಸ ಅಂಗಿ ಹೊಲಿಸಬೇಕು ಅಂತ ಕೂತಿದ್ದಾನೆ, ಇಷ್ಟು ವರ್ಷಕ್ಕೆ ಅವನಿಗೆ ಈಗ ಅಳಿಯನ ಗತ್ತು ಬಂದಿದೆ. ಪೂಜಾ ಸಿಟ್ಟಿನಲ್ಲಿ ಗುಳಿಗೆ ಬಿಡದ ಹಾಗೆ ಅತ್ತಿಗೆಗೆ ನೋಡಿಕೊಳ್ಳಲಿಕ್ಕೆ ಹೇಳು. ನೀನೂ ಬಿಡಬೇಡ. ಗೊಬ್ಬರದ ಬುಟ್ಟಿ ಇನ್ನು ಮುಟ್ಟಬೇಡ, ನಾಗೇಶ ಹೊರಲಿ.

ಹೇಗೆ ತಡೆದುಕೊಂಡೆ ಅಂತ ಕೇಳಿದೆಯಲ್ಲ. ತಡೆದುಕೊಳ್ಳಲಿಲ್ಲ ಅಣ್ಣಾ. ನೀನು ಹೇಳಿದ್ದನ್ನು ನಂಬಿದೆ. ಆ ಅಂಗಳದಿಂದ ಹೊರಗೆ ಬಂದ ದಿನದಿಂದ ಎದೆಗೆ ಲೋಳೆ ಹಚ್ಚಿ ಪರದೆಯ ಮೇಲೆ ತೋರಿಸಿದ ದಿನದ ತನಕ, ಅಪ್ಪನನ್ನು ಕೊಂದವಳಾಗಿಯೇ ಎದ್ದೆ, ಉಂಡೆ, ಮಕ್ಕಳಿಗೆ ಪಾಠ ಹೇಳಿದೆ. ಹೊಟ್ಟೆಯಲ್ಲಿ ಮಗು ನಿಲ್ಲದೇ ಹೋದಾಗ, ನನಗೆ ಇದೇ ಆಗಬೇಕಾದ್ದು ಅಂದುಕೊಂಡೆ. ನನ್ನ ಹೃದಯ ಕೆಟ್ಟಿದೆ ಅಂತ ಡಾಕ್ಟರು ಹೇಳಿದಾಗ ಸೂರಜ್ ಅಲ್ಲೇ ಅತ್ತುಬಿಟ್ಟ. ನನಗೆ ಸಂತೋಷವಾಯಿತು. 'ಹಾಗಾದರೆ ನಾನಲ್ಲ' ಅಂದುಕೊಂಡೆ. ಅದರ ಮರುಗಳಿಗೆಯೇ ನಾಗೇಶ, ಪೂಜಾ ನೆನಪಾದರು, ಆ ಸಂತೋಷಕ್ಕೆ ನಾಚಿಕೆಯಾಯಿತು. ಅದಕ್ಕೇ ನೀನು ಬಯ್ದಾಗ ಸುಮ್ಮನೆ ಒಪ್ಪಿಕೊಂಡೆ.

ಪೂಜಾ ಹುಡುಗಿ, ಎದೆಯೊಳಗಿನ ಸಂಕಟಕ್ಕೆ ಅವಳಿಗೊಬ್ಬರ ಹೆಸರು ಬೇಕು. ನಿನಗೂ ಅವತ್ತು ಬೇಕಿತ್ತು. ಅವಳು ಅನ್ನಲಿ, ಕೇಳಿಸಿಕೋ, ಎದ್ದು ಹೋಗಬೇಡ. ಆದರೆ ನಂಬಬೇಡ ಅಣ್ಣಾ. ನಾನು ನಂಬಿದ ಹಾಗೆ ನೀನು ನಂಬಬೇಡ.

ನಿನ್ನ ತಂಗಿ,
ಜಯಂತಿ